ಕಲ್ಪತರು ಸೀಮೆಯಲ್ಲಿ ಚೈನ್‌ಸಾ: ತೆಂಗಿನ ಮರ ಕೆಡವುವ ಕೆಲಸದ ಅಪಾಯ ಮತ್ತು ಕೌಶಲ

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ತೆಂಗನ್ನು ನೆಟ್ಟು ಬೆಳೆಸುವ, ಕಾಯಿ ಕೆಡವುವ, ಅದನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿ, ಸುಲಿದು, ಉಂಡೆ ಕೊಬ್ಬರಿ ತೆಗೆಯುವ ವಿದ್ಯೆ ತಲೆಮಾರುಗಳಿಂದ ಹದಗೊಂಡು ಬಂದಿದೆ. ಆದರೆ ಅದೇ ಮರವನ್ನು ಅದರ ಕಾಲ ಮುಗಿದ ಮೇಲೆ ಯಾರಿಗೂ ಏಟಾಗದಂತೆ ನೆಲಕ್ಕೆ ಇಳಿಸುವ ವಿದ್ಯೆಗೆ ಅಷ್ಟು ಗೌರವವಾಗಲಿ, ಅಷ್ಟು ಶಿಕ್ಷಣವಾಗಲಿ ದೊರೆತಿಲ್ಲ. ಹಿಂದೆ ಕೊಡಲಿ ಮತ್ತು ಇಬ್ಬರು ಎಳೆಯುವ ಗರಗಸದಿಂದ ನಡೆಯುತ್ತಿದ್ದ ಈ ಕೆಲಸವನ್ನು ಈಗ ಪೆಟ್ರೋಲಿನಿಂದ ಓಡುವ ಚೈನ್‌ಸಾ ಕೆಲವೇ ನಿಮಿಷಗಳಲ್ಲಿ ಮುಗಿಸುತ್ತದೆ. ವೇಗ ಹೆಚ್ಚಿದಂತೆ ತಪ್ಪನ್ನು ತಿದ್ದಿಕೊಳ್ಳಲು ಸಿಗುವ ಸಮಯವೂ ಕಡಿಮೆಯಾಗಿದೆ. ಕೊಡಲಿಯ ಏಟುಗಳ ನಡುವೆ ಮರದ ಸದ್ದು ಕೇಳುತ್ತಿತ್ತು, ಅದು ಯಾವ ಕಡೆ ವಾಲುತ್ತಿದೆಯೆಂದು ನೋಡಲು ಬಿಡುವಿತ್ತು. ಯಂತ್ರದ ಅಬ್ಬರದಲ್ಲಿ ಅವೆರಡೂ ಇಲ್ಲ. ಇದಕ್ಕಿಂತ ಮುಖ್ಯವಾದ ತೊಡಕು ಇನ್ನೊಂದಿದೆ. ಚೈನ್‌ಸಾ ಬಳಕೆಯ ನಿಯಮಗಳೆಲ್ಲ ರೂಪುಗೊಂಡದ್ದು ಯುರೋಪು ಮತ್ತು ಅಮೆರಿಕದ ಕಾಡುಗಳಲ್ಲಿ, ಚೇಗು ಕಟ್ಟಿ ಬೆಳೆಯುವ ನಾಟಾ ಮರಗಳ ಮೇಲೆ. ತೆಂಗು ಆ ಜಾತಿಗೆ ಸೇರಿದ್ದಲ್ಲ, ತೆಂಗಿನ ತೋಟವೂ ಕಾಡಲ್ಲ. ಆ ನಿಯಮಗಳನ್ನು ಈ ಮರಕ್ಕೂ ಈ ತೋಟಕ್ಕೂ ಹೊಂದಿಸಿ ಅರ್ಥಮಾಡಿಕೊಳ್ಳಬೇಕಾದ ಅಗತ್ಯ ಇಲ್ಲಿಂದಲೇ ಹುಟ್ಟುತ್ತದೆ.

ಫಲ ಕೊಡುವ ಮರವನ್ನು ಕಡಿಯಲು ಈ ಸೀಮೆಯ ರೈತರು ಸುಲಭವಾಗಿ ಮನಸ್ಸು ಮಾಡುವುದಿಲ್ಲ. ಕಡಿಯಬೇಕಾಗಿ ಬರುವುದಕ್ಕೆ ಕಾರಣಗಳು ಗಟ್ಟಿಯಾಗಿಯೇ ಇರುತ್ತವೆ. ತಿಪಟೂರು ಟಾಲ್ ಎಂದು ಹೆಸರಾದ ಇಲ್ಲಿನ ಎತ್ತರದ ತಳಿ ದೀರ್ಘಾಯುಷಿಯಾದರೂ, ಅರವತ್ತು ವರ್ಷ ದಾಟಿದ ಮೇಲೆ ಅದರ ಇಳುವರಿ ಇಳಿಮುಖವಾಗುತ್ತದೆ. 2015ರಿಂದ 2017ರವರೆಗಿನ ಬರದ ವರ್ಷಗಳಲ್ಲಿ ಕೊಳವೆಬಾವಿಗಳು ಬತ್ತಿ, ಸುಳಿ ಒಣಗಿ ಬೋಳಾದ ಮರಗಳು ತೋಟ ತೋಟಗಳಲ್ಲಿ ಉಳಿದವು. ಸಿಡಿಲು ಬಡಿದ ಮರಗಳದ್ದು ಮತ್ತೊಂದು ಲೆಕ್ಕ. ಇವೆಲ್ಲಕ್ಕಿಂತ ಹೆಚ್ಚು ಎಚ್ಚರಿಕೆ ಬೇಡುವುದು ಅಣಬೆ ರೋಗ. ಗ್ಯಾನೊಡರ್ಮಾ ಎಂಬ ಶಿಲೀಂಧ್ರ ಮಣ್ಣಿನ ಮೂಲಕ ಬೇರನ್ನು ಹೊಕ್ಕು, ಬೇರಿನಿಂದ ಬೊಡ್ಡೆಗೆ ಏರಿ, ಅಲ್ಲಿಯ ನಾರನ್ನು ಒಳಗೊಳಗೇ ಕೊಳೆಸುತ್ತದೆ. ಕೆಳಗಿನ ಗರಿಗಳು ಜೋತುಬೀಳುವುದು, ಬುಡದಲ್ಲಿ ಕಂದು ಬಣ್ಣದ ರಸ ಒಸರುವುದು, ಕೊನೆಗೆ ಮಳೆಗಾಲದಲ್ಲಿ ಬೊಡ್ಡೆಯ ಮೇಲೆ ಅಣಬೆ ಮೂಡುವುದು ಅದರ ಲಕ್ಷಣಗಳು. ಅಣಬೆ ಕಣ್ಣಿಗೆ ಬೀಳುವ ಹೊತ್ತಿಗೆ ಬೇರಿನ ಬಹುಭಾಗ ಸತ್ತಿರುತ್ತದೆ ಎಂಬ ಸಂಗತಿ ಮರ ಕೊಯ್ಯುವವನಿಗೆ ಬಹಳ ಮುಖ್ಯ, ಏಕೆಂದರೆ ಅಂಥ ಮರ ಅವನು ಎಣಿಸಿದಂತೆ ನಿಂತಿರುವುದಿಲ್ಲ, ಎಣಿಸಿದಂತೆ ಬೀಳುವುದೂ ಇಲ್ಲ. ಕಾಂಡದ ಮೇಲಿನ ಬಿರುಕುಗಳಿಂದ ರಸ ಸೋರುವ ರೋಗ ಬೇರೆಯದು. ಸೋರುವ ಭಾಗವನ್ನು ಕೆತ್ತಿ ಬೋರ್ಡೋ ಮುಲಾಮು ಹಚ್ಚಿದರೆ ಅನೇಕ ಮರಗಳು ಉಳಿಯುತ್ತವೆ. ಹಾಗೆಯೇ ಕಪ್ಪು ತಲೆ ಹುಳು ಮೇಯ್ದು ಗರಿಗಳೆಲ್ಲ ಸುಟ್ಟಂತೆ ಕಾಣುವ ಮರ ಸತ್ತಿದೆಯೆಂದು ಭಾವಿಸಿ ಯಂತ್ರ ತರಿಸುವುದು ಆತುರ. ಸುಳಿ ಹಸಿರಾಗಿದ್ದರೆ ಆ ಮರ ಚೇತರಿಸಿಕೊಳ್ಳಬಲ್ಲದು. 1916ರಲ್ಲಿ ಕಾಸರಗೋಡಿನಲ್ಲಿ ಆರಂಭವಾಗಿ ಇಂದು ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿರುವ ತೆಂಗು ಸಂಶೋಧನಾ ಕೇಂದ್ರವೂ, ಹತ್ತಿರದ ಅರಸೀಕೆರೆಯ ತೋಟಗಾರಿಕೆ ಸಂಶೋಧನಾ ಕೇಂದ್ರವೂ ಈ ರೋಗಗಳ ಕುರಿತು ನಡೆಸಿರುವ ಕೆಲಸ ರೈತರಿಗೆ ದಕ್ಕುವಂಥದ್ದೇ ಆಗಿರುವುದರಿಂದ, ಕಡಿಯುವ ನಿರ್ಧಾರಕ್ಕೆ ಮುಂಚೆ ಒಮ್ಮೆ ಬಲ್ಲವರನ್ನು ಕೇಳುವುದು ನಷ್ಟದ ಬಾಬತ್ತಲ್ಲ.

ಕಾನೂನಿನ ಮಾತು ಇಲ್ಲಿ ಚಿಕ್ಕದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಖಾಸಗಿ ಜಮೀನಿನಲ್ಲಿರುವ ಮರವನ್ನು ಕಡಿಯಲೂ ವೃಕ್ಷಾಧಿಕಾರಿಯ, ಎಂದರೆ ಅದಕ್ಕಾಗಿ ಗೊತ್ತುಪಡಿಸಿದ ಅರಣ್ಯಾಧಿಕಾರಿಯ, ಅನುಮತಿ ಬೇಕು. ತೆಂಗು, ಸಿಲ್ವರ್ ಓಕ್, ನೀಲಗಿರಿ, ಸರ್ವೆ ಮುಂತಾದ ಕೆಲವು ಜಾತಿಗಳಿಗೆ ಮಾತ್ರ ಆ ಕಾಯ್ದೆಯಲ್ಲಿಯೇ ವಿನಾಯಿತಿಯಿದೆ. ತೆಂಗಿಗೆ ಸಿಕ್ಕ ವಿನಾಯಿತಿ ಅದೇ ತೋಟದ ಬದುವಿನಲ್ಲಿರುವ ತೇಗಕ್ಕೆ ಅನ್ವಯಿಸದು ಎಂಬುದನ್ನು ಯಂತ್ರ ಬಂದಿದೆಯಲ್ಲ, ಅದನ್ನೂ ಕೊಯ್ಸಿಬಿಡೋಣ ಎನ್ನುವವರು ನೆನಪಿಡಬೇಕು.

ತೆಂಗಿನ ಕಾಂಡದ ರಚನೆಯನ್ನು ತಿಳಿಯದೆ ಅದನ್ನು ಕೊಯ್ಯುವ ವಿಧಾನ ತಿಳಿಯದು. ತೇಗ, ಹೊಂಗೆ, ಹಲಸಿನಂಥ ಮರಗಳಲ್ಲಿ ತೊಗಟೆಯ ಒಳಗೆ ವರ್ಷವರ್ಷವೂ ಹೊಸ ಮರವನ್ನು ಸೇರಿಸುವ ತೆಳುವಾದ ಬೆಳವಣಿಗೆಯ ಪದರವೊಂದಿದ್ದು, ಅದರಿಂದಾಗಿ ಕಾಂಡ ದಪ್ಪವಾಗುತ್ತ, ನಡುವೆ ಗಟ್ಟಿಯಾದ ಚೇಗು ಕೂಡಿಕೊಳ್ಳುತ್ತ ಹೋಗುತ್ತದೆ. ಹುಲ್ಲು, ಬಿದಿರು, ಅಡಿಕೆಗಳ ಬಳಗಕ್ಕೆ ಸೇರಿದ ಏಕದಳ ಸಸ್ಯವಾದ ತೆಂಗಿನಲ್ಲಿ ಆ ಪದರವಿಲ್ಲ. ಉಂಗುರಗಳಿಲ್ಲ, ಚೇಗಿಲ್ಲ, ನಿಜವಾದ ತೊಗಟೆಯೂ ಇಲ್ಲ. ಇರುವುದು ಮೃದುವಾದ ತಿರುಳಿನಲ್ಲಿ ಉದ್ದಕ್ಕೂ ಹುದುಗಿದ ಗಟ್ಟಿ ನಾರಿನ ಕಟ್ಟುಗಳು. ಈ ಕಟ್ಟುಗಳು ಕಾಂಡದ ಹೊರಸುತ್ತಿನಲ್ಲಿ ಒತ್ತೊತ್ತಾಗಿಯೂ ನಡುವೆ ವಿರಳವಾಗಿಯೂ ಇರುವುದರಿಂದ, ಬೇರೆ ಮರಗಳಲ್ಲಿ ಒಳಗಿರುವ ಬಲ ತೆಂಗಿನಲ್ಲಿ ಹೊರಗಿರುತ್ತದೆ. ಬುಡದ ಹೊರಭಾಗದ ಒಣ ಮರ ಘನ ಮೀಟರಿಗೆ 600 ಕಿಲೋಗ್ರಾಮನ್ನು ಮೀರಿ ತೂಗಿದರೆ, ನಡುವಿನ ತಿರುಳು ಮತ್ತು ತುದಿಯ ಭಾಗ 400 ಕಿಲೋಗ್ರಾಮಿಗಿಂತ ಕಡಿಮೆ ತೂಗುತ್ತದೆ. ಹಳ್ಳಿಯ ಬಡಗಿಗಳು ತೊಲೆ ಜಂತೆಗಳಿಗೆ ಹಳೆಯ ಮರದ ಬುಡದ ಭಾಗವನ್ನು ಆರಿಸಿ, ಹೊರಸುತ್ತನ್ನು ಉಳಿಸಿಕೊಂಡು ತಿರುಳನ್ನು ಬಿಡುವುದು ಈ ತಿಳಿವಳಿಕೆಯಿಂದಲೇ. ಕೊಯ್ಯುವವನ ಮಟ್ಟಿಗೆ ಇದರ ಪರಿಣಾಮಗಳು ಎರಡು. ಮೊದಲನೆಯದಾಗಿ, ಬುಡದ ಗಡಸು ಹೊರಸುತ್ತು ಚೈನಿನ ಹಲ್ಲುಗಳನ್ನು ಬಹುಬೇಗ ಮೊಂಡಾಗಿಸುತ್ತದೆ ಮತ್ತು ಉದ್ದುದ್ದ ನಾರು ಯಂತ್ರದ ಚಕ್ರದ ಬಳಿ ಸಿಕ್ಕಿಕೊಳ್ಳುತ್ತದೆ. ಎರಡನೆಯದಾಗಿ, ಹೊರಸುತ್ತನ್ನು ದಾಟಿದ ಕೂಡಲೇ ಯಂತ್ರ ತಟ್ಟನೆ ಸರಾಗವಾಗಿ ಒಳನುಗ್ಗುತ್ತದೆ. ಆ ಸರಾಗಕ್ಕೆ ಮೋಸಹೋಗಿ ಒತ್ತಡ ಹಾಕಿದವನು ಉಳಿಸಬೇಕಾದ ಭಾಗವನ್ನೂ ಕೊಯ್ದಿರುತ್ತಾನೆ.

ಚೈನ್‌ಸಾದ ಚರಿತ್ರೆ ಹೆಚ್ಚು ಹಳೆಯದಲ್ಲ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ವಿದ್ಯುತ್ತಿನಿಂದ ಓಡುವ, ಇಬ್ಬರು ಹಿಡಿಯಬೇಕಾದ ಯಂತ್ರವನ್ನೂ 1929ರಲ್ಲಿ ಪೆಟ್ರೋಲಿನ ಯಂತ್ರವನ್ನೂ ತಯಾರಿಸಿದರು. ಇಂದಿನ ಚೈನಿನ ಹಲ್ಲಿನ ಆಕಾರ ಬಂದದ್ದು ಅಮೆರಿಕದ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವ ಕಸುಬಿನವರಿಂದ. ಮರ ಕೊರೆಯುವ ದುಂಬಿಯ ಮರಿಹುಳು ತನ್ನ ದವಡೆಗಳಿಂದ ಎಡಕ್ಕೂ ಬಲಕ್ಕೂ ನಾರನ್ನು ಕತ್ತರಿಸುತ್ತ ಸಾಗುವುದನ್ನು ಗಮನಿಸಿ ಅವರು ರೂಪಿಸಿದ ಚೈನು 1947ರಲ್ಲಿ ಮಾರುಕಟ್ಟೆಗೆ ಬಂತು. ತೆಂಗಿನ ಸುಳಿ ಕೊರೆಯುವ ದುಂಬಿಯನ್ನು ಶತ್ರುವೆಂದೇ ಬಲ್ಲ ಈ ಸೀಮೆಯವರು ಬಳಸುವ ಯಂತ್ರದ ಹಲ್ಲಿಗೆ ಅಂಥದೇ ಹುಳುವೊಂದು ಮಾದರಿಯಾಗಿದೆ. ಯಂತ್ರದ ಒಳಗಿನ ಎಂಜಿನ್ ಟೂ ಸ್ಟ್ರೋಕ್ ಬಗೆಯದು, ಎಂದರೆ ಅದಕ್ಕೆ ಪ್ರತ್ಯೇಕ ಆಯಿಲ್ ತೊಟ್ಟಿ ಇಲ್ಲದೆ ಪೆಟ್ರೋಲಿನ ಜೊತೆಗೇ ಆಯಿಲ್ ಬೆರೆಸಬೇಕು. ತಯಾರಕರ ಸೂಚನೆಯಂತೆ ಲೀಟರಿಗೆ 20ರಿಂದ 40 ಮಿಲಿಲೀಟರ್ ಬೆರೆಸುವುದು ವಾಡಿಕೆ. ಚೈನು ಸುತ್ತುವ ಚಪ್ಪಟೆಯ ಉಕ್ಕಿನ ಪಟ್ಟಿಗೆ ಬಾರ್ ಎನ್ನುತ್ತಾರೆ. ಅದಕ್ಕೆ ಸವರುವ ಆಯಿಲ್ ಬೇರೆ, ಅದರ ತೊಟ್ಟಿಯೂ ಬೇರೆ. ಪೂರ್ಣ ವೇಗದಲ್ಲಿ ಚೈನು ಸೆಕೆಂಡಿಗೆ ಸುಮಾರು 20 ಮೀಟರ್, ಎಂದರೆ ಗಂಟೆಗೆ 70 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ.

ಈ ಯಂತ್ರದಿಂದಾಗುವ ಗಾಯಗಳಲ್ಲಿ ಅತ್ಯಂತ ಭೀಕರವಾದವು ಕಿಕ್‌ಬ್ಯಾಕ್ ಎಂಬ ಒಂದೇ ವಿದ್ಯಮಾನದಿಂದ ಬರುತ್ತವೆ. ಬಾರಿನ ಮೂತಿಯ ಮೇಲರ್ಧದಲ್ಲಿ ಚೈನು ಹೊರಮುಖವಾಗಿ ಕೆಳಕ್ಕೆ ತಿರುಗುತ್ತಿರುತ್ತದೆ. ಆ ಜಾಗ ಯಾವುದಾದರೂ ಗಟ್ಟಿ ವಸ್ತುವಿಗೆ ತಾಗಿ ಹಲ್ಲು ಕಚ್ಚಿಕೊಂಡರೆ, ಚೈನಿನ ವೇಗವೆಲ್ಲ ಬಾರನ್ನು ಮೇಲಕ್ಕೂ ಹಿಂದಕ್ಕೂ, ನೇರವಾಗಿ ಹಿಡಿದವನ ಮುಖ, ಕತ್ತು, ಎಡಭುಜಗಳ ಕಡೆಗೆ ಎಸೆಯುತ್ತದೆ. ಮನುಷ್ಯನ ಕಣ್ಣು ಕಂಡು ಕೈ ಸರಿಯುವಷ್ಟು ಸಮಯವೂ ಅದರಲ್ಲಿ ಇರುವುದಿಲ್ಲ. 1970ರ ದಶಕದ ಆರಂಭದಿಂದ ಯಂತ್ರಗಳಲ್ಲಿ ಬಂದ ಚೈನ್ ಬ್ರೇಕ್ ಇದಕ್ಕೇ ಇರುವ ರಕ್ಷಣೆ: ಮುಂದಿನ ಹಿಡಿಯ ಎದುರಿಗಿರುವ ಅಗಲವಾದ ತಡೆ ಕೈಗೆ ತಗುಲಿದರೆ ಅಥವಾ ಯಂತ್ರ ಜೋರಾಗಿ ಎಗರಿದರೆ ಚೈನು ಕ್ಷಣಾರ್ಧದಲ್ಲಿ ನಿಂತುಬಿಡುತ್ತದೆ. ಅಡ್ಡಿಯಾಗುತ್ತದೆಂದು ಆ ತಡೆಯನ್ನು ಕಳಚಿಟ್ಟ ಯಂತ್ರವನ್ನು ತೋಟದೊಳಕ್ಕೆ ಬಿಟ್ಟುಕೊಳ್ಳಬಾರದು. ಈ ವಿಷಯದಲ್ಲಿ ತೋಟದ ಮಾಲೀಕರು ದಾಕ್ಷಿಣ್ಯ ನೋಡಬಾರದು. ಹಿಡಿತವೂ ಅಷ್ಟೇ ಮುಖ್ಯ. ಎಡಗೈ ಮುಂದಿನ ಹಿಡಿಯಲ್ಲಿ, ಬಲಗೈ ಹಿಂದಿನ ಹಿಡಿಯಲ್ಲಿ, ಎರಡೂ ಹೆಬ್ಬೆರಳು ಹಿಡಿಯನ್ನು ಸುತ್ತಿರಬೇಕು, ಎಡಗೈ ಕೊಂಚವೂ ಮಡಿಯದೆ ಚಾಚಿರಬೇಕು, ತಲೆ ಬಾರಿನ ನೇರಕ್ಕೆ ಇರದೆ ಪಕ್ಕಕ್ಕಿರಬೇಕು, ಯಂತ್ರವನ್ನು ಭುಜಕ್ಕಿಂತ ಮೇಲೆ ಎತ್ತಿ ಕೊಯ್ಯಬಾರದು. ಬಿದ್ದ ಮರದ ಎಡಮಟ್ಟೆಗಳನ್ನು ಸವರುವಾಗ ಕಿಕ್‌ಬ್ಯಾಕ್ ಹೆಚ್ಚು, ಏಕೆಂದರೆ ಒಂದು ಮಟ್ಟೆಯನ್ನು ಕೊಯ್ಯುತ್ತಿರುವಾಗ ಬಾರಿನ ಮೂತಿ ಅದರ ಹಿಂದಿರುವ ಇನ್ನೊಂದಕ್ಕೆ ಗೊತ್ತಿಲ್ಲದೆ ತಾಗುತ್ತದೆ. ಮಟ್ಟೆಗಳಿಗೆ ಮಚ್ಚೇ ಸಾಕು, ಮಚ್ಚೇ ಮೇಲು.

ಮೊಂಡಾದ ಚೈನು ಹರಿತವಾದ ಚೈನಿಗಿಂತ ಹೆಚ್ಚು ಅಪಾಯಕಾರಿ. ಹರಿತವಾದ ಹಲ್ಲು ಸಣ್ಣ ಸಣ್ಣ ಚೂರುಗಳನ್ನು ಉದುರಿಸುತ್ತದೆ. ಮೊಂಡಾದದ್ದು ಹಿಟ್ಟಿನಂಥ ಪುಡಿಯನ್ನು ಉದುರಿಸುತ್ತ, ಹೊಗೆಯಾಡುತ್ತ, ಕೊಯ್ಯುವವನು ಮೈಭಾರ ಹಾಕಿ ಒತ್ತುವಂತೆ ಮಾಡುತ್ತದೆ, ಹಾಗೆ ಒತ್ತಿದವನ ನಿಲುವು ತಪ್ಪುತ್ತದೆ. ಈ ಸೀಮೆಯ ತೋಟಗಳಲ್ಲಿ ಬುಡಕ್ಕೆ ಕೆರೆಗೋಡು ಹೊಡೆಸುವ ಪದ್ಧತಿಯಿರುವುದರಿಂದ ಬೊಡ್ಡೆಗೆ ಮಣ್ಣು ಮರಳು ಮೆತ್ತಿಕೊಂಡಿರುತ್ತದೆ. ಅದನ್ನು ಕೆರೆದು ತೆಗೆಯದೆ ಕೊಯ್ಯಲು ತೊಡಗಿದರೆ ಹಲ್ಲು ಮೊದಲ ಸುತ್ತಿನಲ್ಲೇ ಕೆಡುತ್ತದೆ. ಬೇಲಿಯ ತಂತಿ, ದೀಪದ ವೈರು ಕಟ್ಟಲು ಹೊಡೆದ ಮೊಳೆಗಳು ಮರದೊಳಗೆ ಹುದುಗಿರುವುದೂ ಅಪರೂಪವಲ್ಲ. ದಿನಕ್ಕೆ ಹಲವು ಮರ ಕೊಯ್ಯುವವನು ಅರ ಜೊತೆಗಿಟ್ಟುಕೊಂಡು ಮರಮರಕ್ಕೂ ಹಲ್ಲು ಮಸೆಯುವುದು ಸಮಯ ಕಳೆಯುವುದಲ್ಲ, ಉಳಿಸುವುದು.

ಮೈಮೇಲಿನ ರಕ್ಷಣೆಯ ಬಗ್ಗೆ ಹೇಳುವಾಗ ಬೇಸರವಾಗುವಷ್ಟು ಕೊರತೆ ಕಾಣುತ್ತದೆ. ಲುಂಗಿ ಅಥವಾ ಸಡಿಲ ಪ್ಯಾಂಟು, ಹವಾಯಿ ಚಪ್ಪಲಿ, ತಲೆಗೆ ಒಂದು ಟವಲು ಇಷ್ಟರಲ್ಲೇ ಈ ಕೆಲಸ ನಡೆಯುವುದನ್ನು ಯಾವ ಹಳ್ಳಿಯಲ್ಲಾದರೂ ನೋಡಬಹುದು. ಹೆಲ್ಮೆಟ್ಟು, ಕಣ್ಣಿಗೆ ಜಾಲರಿ ಅಥವಾ ಕನ್ನಡಕ, ಗಟ್ಟಿ ಬೂಟು ಇವುಗಳ ಉಪಯೋಗ ಯಾರಿಗೂ ವಿವರಿಸಬೇಕಿಲ್ಲ. ಆದರೆ ಕಾಲಿಗೆ ಧರಿಸುವ ಚೈನ್‌ಸಾ ಚಾಪ್ಸ್ ಎಂಬ ಮುಸುಕಿನ ಗುಟ್ಟು ಹೆಚ್ಚು ಜನಕ್ಕೆ ತಿಳಿದಿಲ್ಲ. ಅದು ಚೈನನ್ನು ತನ್ನ ಗಡಸುತನದಿಂದ ತಡೆಯುವುದಿಲ್ಲ. ಅದರೊಳಗೆ ಪದರಪದರವಾಗಿ ತುಂಬಿದ ಉದ್ದನೆಯ ಕೃತಕ ನಾರು ಚೈನು ತಾಗಿದೊಡನೆ ಹೊರಬಂದು ಚಕ್ರಕ್ಕೆ ಸುತ್ತಿಕೊಂಡು ಅದನ್ನು ನಿಲ್ಲಿಸುತ್ತದೆ. ಕಾಲಿನ ಗಾಯಗಳು ಈ ಕೆಲಸದಲ್ಲಿ ತೀರಾ ಸಾಮಾನ್ಯವಾಗಿರುವುದರಿಂದ ಯಂತ್ರ ಕೊಳ್ಳುವಾಗಲೇ ಅದನ್ನೂ ಕೊಳ್ಳಬೇಕು. ಯಂತ್ರದ ಸದ್ದು 100 ಡೆಸಿಬೆಲ್ ದಾಟುತ್ತದೆ. 85 ಡೆಸಿಬೆಲ್ ಮೀರಿದ ಸದ್ದನ್ನು ದಿನಗಟ್ಟಲೆ ಕೇಳುವವರ ಕಿವಿ ನಿಧಾನವಾಗಿ, ಮತ್ತೆ ಬಾರದಂತೆ ಮಂದವಾಗುತ್ತದೆ. ಅದೇ ಸದ್ದಿನಿಂದಾಗಿ ಕೊಯ್ಯುವವನಿಗೆ ಜೊತೆಗಾರರ ಕೂಗು ಕೇಳಿಸುವುದಿಲ್ಲ. ಕೈಸನ್ನೆಗಳನ್ನು ಮೊದಲೇ ಗೊತ್ತುಮಾಡಿಕೊಂಡು, ಅವನಿಗೆ ಕಾಣುವ ಜಾಗದಲ್ಲಿ ಒಬ್ಬರು ನಿಂತಿರಬೇಕು. ಬಿಸಿಯಾದ ಎಂಜಿನ್ನಿಗೆ ಪೆಟ್ರೋಲ್ ಸುರಿಯುವುದು, ಸುರಿದ ಜಾಗದಲ್ಲೇ ಸ್ಟಾರ್ಟ್ ಮಾಡುವುದು ಬೇಸಿಗೆಯಲ್ಲಿ ಒಣ ಗರಿ ಹರಡಿದ ತೋಟಕ್ಕೆ ಬೆಂಕಿ ಇಡುವಷ್ಟೇ ಸರಿ. ಮೂರು ಮೀಟರಾದರೂ ದೂರ ಸರಿದು, ಯಂತ್ರವನ್ನು ನೆಲಕ್ಕೆ ಒತ್ತಿ ಹಿಂದಿನ ಹಿಡಿಯ ಮೇಲೆ ಕಾಲಿಟ್ಟು, ಚೈನ್ ಬ್ರೇಕ್ ಹಾಕಿಕೊಂಡೇ ದಾರ ಎಳೆಯಬೇಕು.

ಇನ್ನು ಮರ ಬೀಳುವ ಜಾಗದ ಲೆಕ್ಕ. ತೆಂಗಿಗೆ ಶಿಫಾರಸಾಗಿರುವ ಅಂತರ ಸುಮಾರು 30 ಅಡಿ, ಎಂದರೆ 9 ಮೀಟರ್. ಹಳೆಯ ಮರದ ಎತ್ತರ 20 ಮೀಟರ್ ಆಗಿರುವುದುಂಟು, ಅದರ ಮೇಲೆ 5 ಮೀಟರ್ ಉದ್ದದ ಗರಿಗಳು. ಹಾಗಾಗಿ ಸಾಲಿನ ನೇರಕ್ಕೆ ಕೆಡವಿದ ಮರ ಮುಂದಿನ ಎರಡು ಮರಗಳಿಗೆ ಬಡಿಯದೆ ನೆಲ ಮುಟ್ಟದು. ಎರಡು ಸಾಲುಗಳ ನಡುವಿನ ಓಣಿಗೆ ಗುರಿಯಿಟ್ಟರೆ ತುದಿ ಓಣಿಯ ನಟ್ಟನಡುವೆ ಬೀಳಬೇಕು, ಆಗಲೂ ಎರಡು ಕಡೆ ಉಳಿಯುವುದು ನಾಲ್ಕೂವರೆ ಮೀಟರ್ ಮಾತ್ರ, ಗರಿಯ ಉದ್ದಕ್ಕಿಂತ ಕಡಿಮೆ. ಬುಡದಲ್ಲಿ 5 ಡಿಗ್ರಿ ತಪ್ಪಿದರೆ 20 ಮೀಟರ್ ದೂರದ ತುದಿಯಲ್ಲಿ ಅದು ಒಂದೂಮುಕ್ಕಾಲು ಮೀಟರಿನ ತಪ್ಪಾಗುತ್ತದೆ. ನಡುವೆ ಅಡಿಕೆ ಸಸಿ, ಹನಿ ನೀರಾವರಿಯ ಪೈಪು, ಪಂಪ್‌ಸೆಟ್ಟಿನ ಮನೆ, ದನದ ಕೊಟ್ಟಿಗೆ ಇದ್ದರಂತೂ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಆದ್ದರಿಂದ ಯಂತ್ರ ಸ್ಟಾರ್ಟ್ ಮಾಡುವ ಮುಂಚೆ ಮರದ ಸುತ್ತ ನಡೆದು, ದೂರ ನಿಂತು ಎರಡು ಕಡೆಗಳಿಂದ ನೋಡಿ, ಕಾಂಡ ಎತ್ತ ಬಾಗಿದೆ, ಗೊನೆಗಳ ಭಾರ ಎತ್ತ ಹೆಚ್ಚಿದೆ, ಗಾಳಿ ಎತ್ತಣಿಂದ ಬೀಸುತ್ತಿದೆ ಎಂಬುದನ್ನು ತೂಗಿನೋಡಬೇಕು. ಸುಳಿಯಲ್ಲಿ ಅರೆಕಡಿದ ಒಣ ಮಟ್ಟೆ, ಬಲಿತ ಕಾಯಿ ಉಳಿದಿದ್ದರೆ ಯಂತ್ರದ ಅದುರಿಗೆ ಅವು ಮೊದಲು ಉದುರುವುದು ಕೊಯ್ಯುವವನ ತಲೆಯ ಮೇಲೆಯೇ. ಮರದ ಎತ್ತರದ ಎರಡರಷ್ಟು ದೂರದೊಳಗೆ ಕೆಲಸದವರನ್ನು ಬಿಟ್ಟು ಯಾರೂ ಇರಬಾರದು ಎಂಬ ನಿಯಮವನ್ನು ನಮ್ಮ ಹಳ್ಳಿಗಳಲ್ಲಿ ಪಾಲಿಸುವುದು ಕಷ್ಟ, ಏಕೆಂದರೆ ಮರ ಬೀಳುವುದನ್ನು ನೋಡಲು ಮಕ್ಕಳು ಸೇರುತ್ತಾರೆ; ಅವರನ್ನು ದೂರವಿಡಲೆಂದೇ ಒಬ್ಬರನ್ನು ನೇಮಿಸುವುದು ಅನಿವಾರ್ಯ. ಬೀಳುವ ದಿಕ್ಕಿಗೆ ಬೆನ್ನು ಮಾಡಿ ನಿಂತರೆ ಎಡ ಮತ್ತು ಬಲಕ್ಕೆ ಓರೆಯಾಗಿ ಸಾಗುವ ಎರಡು ಹಾದಿಗಳನ್ನು ಮಟ್ಟೆ, ಚಿಪ್ಪು, ಕಳೆ ತೆಗೆದು ಮೊದಲೇ ತೆರವು ಮಾಡಿಟ್ಟಿರಬೇಕು. ಮರದ ನೇರ ಹಿಂದಕ್ಕೆ ಓಡುವುದು ತಪ್ಪು, ಬುಡ ಹಿಂದಕ್ಕೆ ಚಿಮ್ಮುವುದುಂಟು.

ಕೊಯ್ಯುವ ಕ್ರಮದಲ್ಲಿ ಮೂರು ಕೊಯ್ತಗಳಿವೆ. ಬೀಳಬೇಕಾದ ಕಡೆಯಲ್ಲಿ, ಮೇಲಿನಿಂದ ಓರೆಯಾಗಿ ಒಂದು ಮತ್ತು ಕೆಳಗೆ ಅಡ್ಡಲಾಗಿ ಒಂದು ಕೊಯ್ದು, ಕಾಂಡದ ದಪ್ಪದ ಐದನೆಯ ಒಂದು ಅಥವಾ ನಾಲ್ಕನೆಯ ಒಂದು ಭಾಗದಷ್ಟು ಆಳದ ಬೆಣೆಯಾಕಾರದ ತುಂಡನ್ನು ತೆಗೆಯುತ್ತಾರೆ. ಈ ಬಾಯಿ ಮರಕ್ಕೆ ದಿಕ್ಕು ತೋರಿಸುತ್ತದೆ. ಆಮೇಲೆ ಎದುರು ಬದಿಯಿಂದ, ಬಾಯಿಯ ತಳಕ್ಕಿಂತ ತುಸು ಮೇಲೆ, ಹಿಂದಿನ ಕೊಯ್ತವನ್ನು ಹಾಕಿ, ಬಾಯಿಯನ್ನು ಮುಟ್ಟುವ ಮುಂಚೆಯೇ ನಿಲ್ಲಿಸುತ್ತಾರೆ. ಎರಡರ ನಡುವೆ ಕೊಯ್ಯದೆ ಉಳಿಯುವ ಪಟ್ಟಿಗೆ ಕೀಲು ಎನ್ನಬಹುದು. ಬಾಗಿಲನ್ನು ಚೌಕಟ್ಟಿಗೆ ಹಿಡಿದಿಡುವ ತಿರುಗಣಿಯ ಹಾಗೆ ಅದು ಮರವನ್ನು ಬುಡಕ್ಕೆ ಹಿಡಿದಿಟ್ಟುಕೊಂಡೇ ಗುರಿಯ ಕಡೆಗೆ ಬಾಗಿಸುತ್ತದೆ. ನಾಟಾ ಮರಗಳಲ್ಲಿ ಕೀಲಿನ ದಪ್ಪ ಕಾಂಡದ ಹತ್ತನೆಯ ಒಂದು ಭಾಗವಿದ್ದರೆ ಸಾಕು, ಎಂದರೆ 30 ಸೆಂಟಿಮೀಟರಿನ ಕಾಂಡಕ್ಕೆ 3 ಸೆಂಟಿಮೀಟರ್. ತೆಂಗಿನಲ್ಲಿ ನಡುವಿನ ತಿರುಳು ದುರ್ಬಲವಾಗಿರುವುದರಿಂದ ಕೀಲಿನ ಬಲವೆಲ್ಲ ಅದರ ಎರಡು ಅಂಚುಗಳಲ್ಲಿ, ಹೊರಸುತ್ತಿನ ನಾರಿನಲ್ಲಿ ಇರುತ್ತದೆ. ಹೀಗಾಗಿ ಇಲ್ಲಿ ಕೀಲನ್ನು ಇನ್ನೂ ತುಸು ದಪ್ಪವಾಗಿ ಉಳಿಸುವುದು, ಎರಡು ಅಂಚುಗಳನ್ನು ಯಾವ ಕಾರಣಕ್ಕೂ ಕೊಯ್ಯದಿರುವುದು, ಎರಡು ಕಡೆಯೂ ಸಮನಾಗಿದೆಯೇ ಎಂದು ಮತ್ತೆ ಮತ್ತೆ ನೋಡುವುದು ವಿವೇಕ. ಒಂದು ಅಂಚು ಹೆಚ್ಚು ಕೊಯ್ದುಹೋದರೆ ಮರ ಉಳಿದ ಅಂಚಿನ ಕಡೆಗೆ ತಿರುಚಿಕೊಂಡು ಬೀಳುತ್ತದೆ. ಕೊಯ್ತವನ್ನು ನೆಲಕ್ಕೆ ಅಂಟಿಕೊಂಡ ಉಬ್ಬಿದ ಬೊಡ್ಡೆಯಲ್ಲಿ ಹಾಕುವುದಕ್ಕಿಂತ ಅದರ ಮೇಲೆ, ಕಾಂಡ ನೇರವಾದ ಕಡೆ ಹಾಕುವುದು ಲೇಸು. ಬೊಡ್ಡೆಯನ್ನು ಹೇಗೂ ಆಮೇಲೆ ಅಗೆದು ತೆಗೆಯಬೇಕಾದ್ದರಿಂದ ಅದು ಎತ್ತರವಾಗಿ ಉಳಿದರೆ ನಷ್ಟವಿಲ್ಲ, ಹಿಡಿದೆಳೆಯಲು ಅನುಕೂಲವೇ. ಹಿಂದಿನ ಕೊಯ್ತದಲ್ಲಿ ಬಾರ್ ಸಿಕ್ಕಿಕೊಳ್ಳದಂತೆ ಪ್ಲಾಸ್ಟಿಕ್ಕಿನ ಅಥವಾ ಗಟ್ಟಿ ಮರದ ಬೆಣೆ ಹೊಡೆಯಬೇಕು, ಕಬ್ಬಿಣದ ಬೆಣೆ ಚೈನಿಗೆ ತಾಗಿದರೆ ಚೂರು ಸಿಡಿಯುತ್ತದೆ. ಮರ ಅಲುಗತೊಡಗಿದ ಕೂಡಲೇ ಬ್ರೇಕ್ ಹಾಕಿ ಗೊತ್ತುಮಾಡಿದ ಹಾದಿಯಲ್ಲಿ ಸರಿಯಬೇಕು.

ಅಣಬೆ ರೋಗದ ಮರಕ್ಕೆ ಈ ಕ್ರಮ ಪೂರ್ತಿ ಒಪ್ಪುವುದಿಲ್ಲ. ಕೀಲು ನಂಬಿಕೆಗೆ ಯೋಗ್ಯವಾಗಬೇಕಾದರೆ ಅದು ಗಟ್ಟಿ ನಾರಿನದಾಗಿರಬೇಕು. ಒಳಗೆ ಕೊಳೆತ ಕಾಂಡದಲ್ಲಿ ಅದು ಬಾಗುವ ಮೊದಲೇ ಕಿತ್ತುಬರುತ್ತದೆ, ಅಥವಾ ಬೇರು ಸಮೇತ ಇಡೀ ಮರವೇ ಕದಲುತ್ತದೆ. ಕೊಡಲಿಯ ಬೆನ್ನಿನಿಂದ ಬಡಿದು ಟೊಳ್ಳು ಸದ್ದು ಬರುತ್ತದೆಯೇ ಎಂದು ಪರೀಕ್ಷಿಸುವುದು, ಯಂತ್ರದಿಂದ ಬರುವ ಪುಡಿಯ ಬಣ್ಣ ಕಂದಾಗುತ್ತದೆಯೇ ಎಂದು ನೋಡುವುದು ಹಳೆಯ ಕಸುಬುದಾರರು ಬಲ್ಲ ಉಪಾಯಗಳು. ಅಂಥ ಮರವನ್ನು ಕೊಯ್ತ ಹಾಕುವ ಮುಂಚೆಯೇ ಹಗ್ಗದ ಹಿಡಿತಕ್ಕೆ ತರಬೇಕು. ಹಗ್ಗವನ್ನು ಕಾಂಡದ ಮೇಲಿನ ಮೂರನೆಯ ಒಂದು ಭಾಗದಲ್ಲಿ ಕಟ್ಟಿ, ಎಳೆಯುವವರು ಮರದ ಎತ್ತರಕ್ಕಿಂತ ದೂರದಲ್ಲಿ ನಿಲ್ಲುವಷ್ಟು ಉದ್ದವಿಡಬೇಕು. ಆ ದೂರವಿಲ್ಲದಿದ್ದರೆ ಇನ್ನೊಂದು ಗಟ್ಟಿ ಮರಕ್ಕೆ ರಾಟೆ ಕಟ್ಟಿ ಹಗ್ಗವನ್ನು ಪಕ್ಕಕ್ಕೆ ತಿರುಗಿಸಬಹುದು. ಹಗ್ಗ ಕಟ್ಟಲು ಯಾರಾದರೂ ಹತ್ತಬೇಕು ಎಂಬಲ್ಲಿಯೇ ದೊಡ್ಡ ಅಪಾಯವಿದೆ. ಸುಳಿ ಸತ್ತು, ಬೊಡ್ಡೆ ಕೊಳೆತ ಮರಕ್ಕೆ ಮನುಷ್ಯರನ್ನು ಹತ್ತಿಸುವುದು ಎಷ್ಟು ಕೂಲಿ ಕೊಟ್ಟರೂ ಸಲ್ಲದು. ಎಸೆಯುವ ದಾರದಿಂದಲೋ, ಪಕ್ಕದ ಆರೋಗ್ಯವಾದ ಮರ ಹತ್ತಿ ಉದ್ದನೆಯ ದೋಟಿಯಿಂದಲೋ ಹಗ್ಗ ದಾಟಿಸಬಹುದು. ಗಟ್ಟಿ ಮರದಲ್ಲಿ ಮಾತ್ರ ಕಾಯಿ ಕೆಡವುವವರು ಹತ್ತಿ ಗರಿ, ಗೊನೆಗಳನ್ನು ಇಳಿಸಿ, ಸುಳಿಯ ಭಾರ ಕಡಿಮೆ ಮಾಡಿಕೊಟ್ಟರೆ ಮರ ಕಿರಿದಾದ ಓಣಿಯಲ್ಲಿಯೂ ಪಕ್ಕದ ಮರಗಳಿಗೆ ತಾಗದೆ ಬೀಳುತ್ತದೆ. ಆದರೆ ಚೈನ್‌ಸಾ ಹಿಡಿದು ಮರ ಹತ್ತುವುದು, ಏಣಿಯ ಮೇಲೆ ನಿಂತು ಕೊಯ್ಯುವುದು ನುರಿತವರಿಗೂ ಬೇಡ.

ಈಚೆಗೆ ಜೆಸಿಬಿಯಿಂದ ತಳ್ಳಿ ಕೆಡವುವ ರೂಢಿ ಬೆಳೆದಿದೆ. ಬೇರು ಸಮೇತ ಕಿತ್ತುಬರುವುದರಿಂದ ರೋಗದ ಮರಗಳ ಮಟ್ಟಿಗೆ ಅದು ಒಳ್ಳೆಯದೇ; ಆದರೆ ಯಂತ್ರದ ತೋಳು ಕಾಂಡವನ್ನು ಮುಟ್ಟುವುದು ತೀರಾ ಕೆಳಗೆ, ತುದಿಯಲ್ಲಿರುವ ಭಾರ ಹಿಂದಕ್ಕೆ ತೂಗಿದರೆ ಅದು ಚಾಲಕನ ಮೇಲೆಯೇ ಬರುತ್ತದೆ. ಹಗ್ಗದ ಜೊತೆಗಲ್ಲದೆ ಅದನ್ನು ಒಂಟಿಯಾಗಿ ನೆಚ್ಚಬಾರದು.

ಬೀಳುವ ಮರದ ಸುಳಿ ಪಕ್ಕದ ಮರಕ್ಕೆ ಸಿಕ್ಕಿ ಅರ್ಧಕ್ಕೆ ನಿಂತರೆ, ಆ ಕ್ಷಣದಿಂದ ಅದರ ಕೆಳಗೆ ಯಾರೂ ಕಾಲಿಡಬಾರದು. ಆನಿಸಿಕೊಂಡ ಮರವನ್ನು ಕೊಯ್ಯುವುದು, ಸಿಕ್ಕಿದ ಮರದ ಬುಡವನ್ನು ತುಂಡುತುಂಡಾಗಿ ಕೊಯ್ಯುತ್ತ ಇಳಿಸುವುದು ಸಾವಿಗೆ ದಾರಿ. ಬುಡಕ್ಕೆ ಸರಪಳಿ ಕಟ್ಟಿ ಟ್ರ್ಯಾಕ್ಟರಿನಿಂದ ದೂರದಿಂದ ಹಿಂದಕ್ಕೆ ಎಳೆಯುವುದೊಂದೇ ಸರಿಯಾದ ಕ್ರಮ. ನೆಲದ ಮೇಲಿನ ಮರವನ್ನು ತುಂಡು ಮಾಡುವಾಗಲೂ ಅದು ಎಲ್ಲಿ ಆತುಕೊಂಡಿದೆ ಎಂದು ನೋಡಬೇಕು. ಎರಡು ತುದಿಗಳ ಮೇಲೆ ನಿಂತು ನಡುವೆ ಜೋತ ಕಾಂಡದ ಮೇಲ್ಭಾಗ ಒತ್ತಿಕೊಂಡಿರುತ್ತದೆ, ಕೆಳಭಾಗ ಸೆಳೆದುಕೊಂಡಿರುತ್ತದೆ. ಮೇಲಿನಿಂದಲೇ ಪೂರ್ತಿ ಕೊಯ್ದರೆ ಬಾರ್ ಹಿಡಿದುಕೊಳ್ಳುತ್ತದೆ, ಆದ್ದರಿಂದ ಮೇಲೆ ಸ್ವಲ್ಪ ಕೊಯ್ದು ಉಳಿದದ್ದನ್ನು ಕೆಳಗಿನಿಂದ ಮುಗಿಸಬೇಕು. ಸುಮಾರು ಒಂದು ಟನ್ ತೂಗುವ ಹಸಿ ಕಾಂಡ ಇಳಿಜಾರಿನಲ್ಲಿ ಉರುಳುವ ಕಡೆ ನಿಲ್ಲಬಾರದು.

ವಿದ್ಯುತ್ ತಂತಿಯ ಬಳಿಯ ಮರದ ವಿಷಯದಲ್ಲಿ ಯಾವ ಜಾಣ್ಮೆಯೂ ಕೆಲಸಕ್ಕೆ ಬಾರದು. ಹಸಿ ತೆಂಗು ಮತ್ತು ನೆನೆದ ಹಗ್ಗ ಎರಡೂ ವಿದ್ಯುತ್ತನ್ನು ಹರಿಸುತ್ತವೆ. ಬೆಸ್ಕಾಂನ 1912 ಸಹಾಯವಾಣಿಗೆ ಅಥವಾ ಶಾಖಾ ಕಚೇರಿಗೆ ತಿಳಿಸಿ, ಲೈನ್ ಕಡಿತವಾದದ್ದನ್ನು ಲೈನ್‌ಮನ್ ಬಂದು ಖಚಿತಪಡಿಸಿದ ಮೇಲೆಯೇ ಯಂತ್ರ ಎತ್ತಬೇಕು. ತೋಟಕ್ಕೆ ತ್ರೀಫೇಸ್ ಕರೆಂಟ್ ಇಲ್ಲದ ಹೊತ್ತನ್ನು ನೋಡಿ ಕೊಯ್ಯುವವರುಂಟು. ಮೂರರಲ್ಲಿ ಒಂದು ತಂತಿಯಲ್ಲಿ ಕರೆಂಟ್ ಉಳಿದಿದ್ದರೂ ಜೀವ ತೆಗೆಯಲು ಸಾಕು.

ಈ ಎಲ್ಲ ಎಚ್ಚರಿಕೆಗೂ ತಗಲುವ ಸಮಯವನ್ನು ಯಾರು ಕೊಳ್ಳುತ್ತಾರೆ ಎಂಬ ಪ್ರಶ್ನೆ ಕೊನೆಗೂ ಉಳಿಯುತ್ತದೆ. ಮರಕ್ಕಿಷ್ಟು ಎಂದು ಗುತ್ತಿಗೆ ಮಾತಾಡಿದಾಗ ಹಗ್ಗ ಕಟ್ಟುವುದು, ಹಾದಿ ತೆರವು ಮಾಡುವುದು, ಹಲ್ಲು ಮಸೆಯುವುದು ಎಲ್ಲವೂ ಕೊಯ್ಯುವವನ ಕೈಯಿಂದ ಹೋಗುವ ಹೊತ್ತಾಗುತ್ತದೆ, ಅವಸರ ಅವನ ಲಾಭವಾಗುತ್ತದೆ. ಕಷ್ಟದ ಮರಗಳಿಗೆ ದಿನಗೂಲಿಯ ಲೆಕ್ಕದಲ್ಲಿ, ಇಬ್ಬರು ಸಹಾಯಕರ ಕೂಲಿಯನ್ನೂ ಸೇರಿಸಿ ಮಾತಾಡುವ ಮಾಲೀಕರು ತಮ್ಮ ತೋಟವನ್ನೂ ಉಳಿಸಿಕೊಳ್ಳುತ್ತಾರೆ. ರೋಗದ ಮತ್ತು ಮುದಿ ಮರಗಳನ್ನು ತೆಗೆದು ಹೊಸ ಸಸಿ ನೆಡಲು ತೆಂಗು ಅಭಿವೃದ್ಧಿ ಮಂಡಳಿಯ ತೋಟ ಪುನಶ್ಚೇತನ ಯೋಜನೆಯಲ್ಲಿ ಸಹಾಯಧನ ದೊರೆತಿರುವುದುಂಟು. ಮರ ಕಡಿಯುವ ಖರ್ಚಿಗೆ ಹಣ ಕೊಡುವ ಯೋಜನೆ ಮರ ಕಡಿಯುವವರ ರಕ್ಷಣಾ ಸಾಮಗ್ರಿಗೂ ಒಂದು ಪಾಲು ತೆಗೆದಿಟ್ಟರೆ ಅದು ನ್ಯಾಯ. ಅದೇ ಮಂಡಳಿ 2011ರಲ್ಲಿ ತೆಂಗಿನ ಮರದ ಗೆಳೆಯರು ಎಂಬ ತರಬೇತಿ ಆರಂಭಿಸಿ ಯುವಕ ಯುವತಿಯರಿಗೆ ಯಂತ್ರದ ಸಹಾಯದಿಂದ ಮರ ಹತ್ತುವುದನ್ನು ಕಲಿಸಿತು, ಮರ ಹತ್ತುವವರಿಗೆ ಕೇರ ಸುರಕ್ಷಾ ಎಂಬ ಅಪಘಾತ ವಿಮೆಯನ್ನೂ ತಂದಿತು. ಹತ್ತುವ ಕಸುಬಿಗೆ ಸಿಕ್ಕ ಈ ಮನ್ನಣೆ ಕೆಡವುವ ಕಸುಬಿಗೂ ಸಿಗಬೇಕು. ತಿಪಟೂರಿನ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ವರ್ಷಕ್ಕೆ ಒಮ್ಮೆಯಾದರೂ ಚೈನ್‌ಸಾ ತರಬೇತಿ ನಡೆದರೆ ಸುತ್ತಲ ಮೂರು ತಾಲ್ಲೂಕುಗಳ ಕೆಲಸಗಾರರಿಗೆ ಅದು ಬಸ್ಸಿನ ದೂರದಲ್ಲಿಯೇ ಇರುತ್ತದೆ. ಅಲ್ಲಿಯವರೆಗೆ, ವರ್ಷಕ್ಕೆ 20 ರೂಪಾಯಿ ಕಂತಿಗೆ ಅಪಘಾತದ ಸಾವಿಗೆ 2 ಲಕ್ಷ ರೂಪಾಯಿ ಕೊಡುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಬ್ಯಾಂಕಿನಲ್ಲಿ ಹೆಸರು ಬರೆಸಿದ್ದಾರೆಯೇ ಎಂದು ಕೆಲಸಕ್ಕೆ ಕರೆಯುವಾಗ ಕೇಳುವುದಾದರೂ ಆಗಬೇಕು.

ಮರ ಬಿದ್ದು ತುಂಡಾದ ಮೇಲೂ ಕೆಲಸ ಮುಗಿದಿರುವುದಿಲ್ಲ. ಕೊಳೆಯಲು ಬಿಟ್ಟ ಕಾಂಡ ಮತ್ತು ಬೊಡ್ಡೆಗಳಲ್ಲಿ ಸುಳಿ ಕೊರೆಯುವ ದುಂಬಿ ಮೊಟ್ಟೆಯಿಟ್ಟು ಮರಿ ಮಾಡುತ್ತದೆ, ಆ ದುಂಬಿ ಮಾಡಿದ ಗಾಯದ ಮೂಲಕ ಕೆಂಪು ಮೂತಿ ಹುಳು ಪಕ್ಕದ ಮರಗಳನ್ನು ಹೊಗುತ್ತದೆ. ಕಾಂಡವನ್ನು ಸೀಳಿ ಒಣಗಿಸಿ ಇಟ್ಟಿಗೆ ಗೂಡಿಗೋ ಒಲೆಗೋ ಬೇಗ ಸಾಗಿಸುವುದು, ಬೊಡ್ಡೆಯನ್ನು ಬೇರು ಸಮೇತ ಅಗೆದು ಸುಡುವುದು ಅದಕ್ಕಾಗಿಯೇ. ಅಣಬೆ ರೋಗದ ಮರವಾಗಿದ್ದರೆ ಸುತ್ತಲೂ ಆಳವಾದ ಕಂದಕ ತೆಗೆದು ಬೇರಿನ ಸಂಪರ್ಕವನ್ನು ಕಡಿಯಬೇಕು, ಆ ಮರದ ಪುಡಿಯನ್ನು ಗುಡಿಸಿ ಸುಡಬೇಕು, ಬಾರ್ ಮತ್ತು ಚೈನುಗಳನ್ನು ತೊಳೆದು ಒರೆಸಿದ ಮೇಲೆಯೇ ಮುಂದಿನ ತೋಟಕ್ಕೆ ಒಯ್ಯಬೇಕು. ಹಳೆಯ ಗುಂಡಿಯಲ್ಲೇ ಹೊಸ ಸಸಿಯನ್ನು ಕೂಡಲೇ ನೆಡದೆ, ಬೇರಿನ ಚೂರುಗಳನ್ನೆಲ್ಲ ಆರಿಸಿ, ಗುಂಡಿಯನ್ನು ಒಂದು ಬೇಸಿಗೆಯ ಬಿಸಿಲಿಗೆ ತೆರೆದಿಟ್ಟು, ಸಾಧ್ಯವಾದರೆ ಸಾಲಿನಲ್ಲಿ ಕೆಲವು ಅಡಿ ಸರಿಸಿ ನೆಡುವುದು ಒಳ್ಳೆಯದು.